ಮಣಿಕಟ್ಟಿನ ಬ್ಯಾಂಡೂ ಮರುಭೂಮಿಯ ಬಿಸಿಲೂ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ನಡಿಗಡ್ಡ ಸೀಮೆಗೆ ಬಿಸಿಲು ಹೊಸತಲ್ಲ. ಉಂಡವಳ್ಳಿ, ಅಲಂಪುರ, ಗದ್ವಾಲ, ಮಕ್ತಲ, ನಾರಾಯಣಪೇಟೆಗಳ ಜನ ಯುಗಾದಿಯ ನಂತರದ ರಣಬಿಸಿಲನ್ನು ತಲೆಮಾರುಗಳಿಂದ ಉಂಡು ಅರಗಿಸಿಕೊಂಡವರು. ದುಡಿಮೆಗಾಗಿ ಇಲ್ಲಿಂದ ಹೊರಟವರು ಮೊದಲು ಮುಂಬಯಿ, ಪುಣೆಗಳನ್ನು ಕಂಡರು; ಅನಂತರ ಕೆಲವರು ಸಮುದ್ರ ದಾಟಿ ದುಬೈ, ಅಬುಧಾಬಿ, ದೋಹಾ, ರಿಯಾದ್ ನಗರಗಳನ್ನು ಸೇರಿದರು. ಅಂಥವರು ರಜೆಯಲ್ಲಿ ಊರಿಗೆ ಬಂದಾಗ ಅವರ ಮಣಿಕಟ್ಟಿನಲ್ಲಿ ಈಚೆಗೆ ಒಂದು ಪುಟ್ಟ ಯಂತ್ರ ಕಾಣಿಸುತ್ತದೆ. ಅದು ಹೆಜ್ಜೆಗಳನ್ನು ಎಣಿಸುತ್ತದೆ, ನಾಡಿಯನ್ನು ಬರೆದಿಡುತ್ತದೆ, ನಿದ್ರೆಯ ಲೆಕ್ಕವನ್ನೂ ಒಪ್ಪಿಸುತ್ತದೆ. ಒಂದೆರಡನ್ನು ತಂದು ತಂದೆತಾಯಿಯರ ಕೈಗೂ ಕಟ್ಟಿ ಹೋಗುತ್ತಾರೆ. ಈ ಯಂತ್ರದಿಂದ ನಿಜವಾದ ಉಪಯೋಗವೇನು, ಬಿಸಿಲಿನ ನಾಡಿನಲ್ಲಿ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಾಡಿ ಎಣಿಸುವ ವಿದ್ಯೆ

ನಾಡಿಯನ್ನು ನೋಡಿ ದೇಹಸ್ಥಿತಿಯನ್ನು ಅರಿಯುವುದು ನಮಗೆ ಅಪರಿಚಿತವಲ್ಲ. ಆಯುರ್ವೇದದಲ್ಲಿ ಶಾರ್ಙ್ಗಧರ ಸಂಹಿತೆಯು ನಾಡೀಪರೀಕ್ಷೆಯನ್ನು ವಿವರಿಸಿದೆ. ಗಡಿಯಾರ ಹಿಡಿದು ನಿಮಿಷಕ್ಕೆ ಇಷ್ಟು ಎಂದು ಎಣಿಸುವ ಪದ್ಧತಿಗಾಗಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲಿ ಒಂದು ಗ್ರಂಥವನ್ನೇ ಬರೆದನು. ನಾಡಿಗಾಗಿಯೇ ಒಂದು ನಿಮಿಷ ಓಡುವ ಗಡಿಯಾರವನ್ನೂ ಆತ ಬಳಕೆಗೆ ತಂದನು. ಹೆಜ್ಜೆ ಎಣಿಸುವ ಹವ್ಯಾಸವನ್ನು ಜನಪ್ರಿಯಗೊಳಿಸಿದವರು ಜಪಾನೀಯರು. 1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲಿ ‘ಮಾನ್ಪೋ ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಉಪಕರಣ ಮಾರಾಟಕ್ಕೆ ಬಂದಿತು. ದಿನಕ್ಕೆ 10,000 ಹೆಜ್ಜೆ ಎಂಬ ಮಾತು ಲೋಕದಲ್ಲಿ ಹರಡಿದ್ದು ಆ ಹೆಸರಿನಿಂದ. ಅದು ವೈದ್ಯಶಾಸ್ತ್ರ ವಿಧಿಸಿದ ಸಂಖ್ಯೆಯಲ್ಲ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಸರಾಸರಿ 72 ವರ್ಷದ 16,741 ಮಹಿಳೆಯರನ್ನು ಗಮನಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಮರಣದ ಪ್ರಮಾಣ ಕಡಿಮೆಯಿತ್ತು; 7,500ರ ಆಚೆಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನನ್ನ ವಯಸ್ಸಿನ ವಾಚಕರಿಗೆ ಇದು ನೆಮ್ಮದಿಯ ಸಂಗತಿ.

ಯಂತ್ರದ ಒಳಗುಟ್ಟು

ಬ್ಯಾಂಡಿನ ಹಿಂಬದಿಯನ್ನು ತಿರುಗಿಸಿ ನೋಡಿದರೆ ಹಸಿರು ಬೆಳಕು ಮಿನುಗುವುದು ಕಾಣುತ್ತದೆ. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಂಬಿ ಹೆಚ್ಚು ಬೆಳಕು ಹೀರಲ್ಪಡುತ್ತದೆ, ಮರುಕ್ಷಣ ಕಡಿಮೆಯಾಗುತ್ತದೆ. ಹಿಂದಿರುಗುವ ಬೆಳಕಿನ ಈ ಏರಿಳಿತವನ್ನು ಎಣಿಸಿದರೆ ಅದೇ ನಾಡಿಯ ಗತಿ. ಆಮ್ಲಜನಕದ ಪ್ರಮಾಣವನ್ನು ಅಳೆಯಲು ಕೆಂಪು ಮತ್ತು ಅತಿಗೆಂಪು ಬೆಳಕನ್ನು ಬಳಸುತ್ತಾರೆ. ಈ ತತ್ತ್ವವನ್ನು 1974ರಲ್ಲಿ ಪ್ರಕಟಪಡಿಸಿದವರು ಜಪಾನಿನ ತಕುವೊ ಅಯೊಯಾಗಿ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರನ್ನು ನಾವೆಲ್ಲ ಕಂಡಿದ್ದೇವೆ. ಹೆಜ್ಜೆಯ ಎಣಿಕೆಗೆ ಬೇರೆ ಸಾಧನವಿದೆ. ಕೈಯ ಅಲುಗಾಟವನ್ನು ಗ್ರಹಿಸುವ ಸೂಕ್ಷ್ಮ ಬಿಲ್ಲೆ ಆ ಕೆಲಸ ಮಾಡುತ್ತದೆ. ಆದುದರಿಂದಲೇ ಕೈ ಆಡಿಸದೆ ತಲೆಯ ಮೇಲೆ ಹೊರೆ ಹೊತ್ತು ನಡೆಯುವವಳ ಹೆಜ್ಜೆಗಳು ಯಂತ್ರಕ್ಕೆ ಪೂರ್ತಿ ಸಿಕ್ಕದಿರಬಹುದು.

ಬಿಸಿಲಿನಲ್ಲಿ ದೇಹದ ಪಾಡು

ಮನುಷ್ಯನ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಮರುಭೂಮಿಯ ಒಂಟೆಯು ನೀರು ಸಿಗದಾಗ ತನ್ನ ಉಷ್ಣತೆಯನ್ನು ರಾತ್ರಿ 34 ಡಿಗ್ರಿಗೆ ಇಳಿಸಿ, ಹಗಲು 40 ಡಿಗ್ರಿಯವರೆಗೆ ಏರಲು ಬಿಟ್ಟು ಬೆವರನ್ನು ಉಳಿಸಿಕೊಳ್ಳುತ್ತದೆ. ನಮಗೆ ಆ ಸೌಲಭ್ಯವಿಲ್ಲ. 40 ಡಿಗ್ರಿ ದಾಟಿ ಬುದ್ಧಿ ಮಂಕಾಯಿತೆಂದರೆ ಅದು ಬಿಸಿಲಾಘಾತ, ಪ್ರಾಣಾಪಾಯದ ಸ್ಥಿತಿ. ನಮಗಿರುವ ರಕ್ಷೆ ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಆದರೆ ಬೆವರು ಆವಿಯಾಗಬೇಕು. ಬರಿದೆ ತೊಟ್ಟಿಕ್ಕಿದರೆ ಪ್ರಯೋಜನವಿಲ್ಲ. ಒಳನಾಡಿನ ಮರುಭೂಮಿಯ ಒಣಗಾಳಿಯಲ್ಲಿ ಬೆವರು ಬೇಗ ಆರುತ್ತದೆ; ಎಷ್ಟು ನೀರು ಹೋಯಿತೆಂಬುದು ತಿಳಿಯುವುದಿಲ್ಲ. ದುಬೈ, ದೋಹಾಗಳಂಥ ಕಡಲಂಚಿನ ಊರುಗಳಲ್ಲಿ ಆರ್ದ್ರತೆ ಹೆಚ್ಚು. ಅಂಗಿ ತೊಯ್ದು ತೊಪ್ಪೆಯಾದರೂ ಮೈ ತಂಪಾಗುವುದಿಲ್ಲ.

ಈ ಹೊತ್ತಿನಲ್ಲಿ ಹೃದಯಕ್ಕೆ ಎರಡು ಹೊರೆ. ದುಡಿಯುವ ಸ್ನಾಯುಗಳಿಗೂ ರಕ್ತ ಕಳಿಸಬೇಕು, ಶಾಖ ಹೊರಹಾಕಲು ಚರ್ಮಕ್ಕೂ ಕಳಿಸಬೇಕು. ಇತ್ತ ಬೆವರಿನಿಂದಾಗಿ ರಕ್ತದ ನೀರಿನಂಶವೇ ತಗ್ಗಿರುತ್ತದೆ. ಆದ್ದರಿಂದ ಅದು ವೇಗವಾಗಿ ಬಡಿಯುತ್ತದೆ. ಬೆಳಗಿನ ತಂಪಿನಲ್ಲಿ ನಿಮಿಷಕ್ಕೆ 100 ಬಡಿತದಲ್ಲಿ ಮುಗಿಯುವ ಕೆಲಸ ಮಟಮಟ ಮಧ್ಯಾಹ್ನ 120 ಅಥವಾ 130 ಕೇಳಬಹುದು. ಬಿಸಿಲಿನ ನಾಡಿನಲ್ಲಿ ಬ್ಯಾಂಡಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ಕೆಲಸ ಅದೇ, ನಾಡಿ ಮಾತ್ರ ಏರುತ್ತಿದೆ ಎಂದರೆ ದೇಹ ಸೋಲುತ್ತಿದೆ ಎಂದರ್ಥ. ನೆರಳಿನಲ್ಲಿ ಕುಳಿತು ಹತ್ತು ನಿಮಿಷವಾದರೂ ನಾಡಿ ಇಳಿಯದಿದ್ದರೆ ಮತ್ತೆ ಕೆಲಸಕ್ಕೆ ಏಳಬಾರದು.

ಎರಡು ಬಗೆಯ ಬದುಕು

ಕೊಲ್ಲಿ ನಾಡುಗಳಲ್ಲಿ ನಮ್ಮವರ ಬದುಕು ಎರಡು ಬಗೆ. ಕಚೇರಿಯಲ್ಲಿ ಕೂರುವವನು ತಂಪುಗೋಣೆಯಿಂದ ತಂಪು ಕಾರಿಗೆ, ಕಾರಿನಿಂದ ಮತ್ತೆ ತಂಪುಗೋಣೆಗೆ ಹೋಗುತ್ತಾನೆ. ಅವನ ಕಷ್ಟ ಬಿಸಿಲಲ್ಲ, ನಡಿಗೆಯ ಅಭಾವ. ಸೂರ್ಯನ ನಾಡಿನಲ್ಲಿದ್ದೂ ಅಲ್ಲಿ ಡಿ ಜೀವಸತ್ವದ ಕೊರತೆ ಸಾಮಾನ್ಯವೆಂಬುದು ಸೋಜಿಗದ ಮಾತು. ಅವನಿಗೆ ಬ್ಯಾಂಡು ಒಳ್ಳೆಯ ಮೇಷ್ಟ್ರು. ಬೇಸಿಗೆಯಲ್ಲಿ ದೊಡ್ಡ ಮಾಲ್‌ಗಳ ಒಳಗೆ ಬೆಳಗಿನ ನಡಿಗೆ, ತಂಪು ಬಂದ ಮೇಲೆ ಬಯಲಿನ ಓಟ ಎಂಬುದು ಅಲ್ಲಿನ ರೂಢಿ. ದಿನಕ್ಕೆ 30 ನಿಮಿಷದಂತೆ 30 ದಿನ ವ್ಯಾಯಾಮ ಮಾಡಿರೆಂದು ದುಬೈ ಸರ್ಕಾರ 2017ರಲ್ಲಿ ಆರಂಭಿಸಿದ ಆಂದೋಲನವನ್ನು ಬೇಸಿಗೆ ಕಳೆದ ಮೇಲೆ ಇಟ್ಟುಕೊಂಡದ್ದು ಅರ್ಥಪೂರ್ಣವಾಗಿದೆ.

ಎರಡನೆಯವನು ಕಟ್ಟಡದ ಮೇಲೆ, ರಸ್ತೆಯಲ್ಲಿ, ತೋಟದಲ್ಲಿ ದುಡಿಯುವವನು. ಅವನಿಗೆ ಹೆಜ್ಜೆಯ ಲೆಕ್ಕ ಬೇಕಿಲ್ಲ. ಸಂಜೆಗೆ ಅವನು ಬೇಡವೆನ್ನುವಷ್ಟು ನಡೆದಿರುತ್ತಾನೆ. ಅವನಿಗೆ ಬೇಕಾದುದು ನೀರು, ನೆರಳು, ವಿರಾಮ. ನಾಡಿ 150 ಎಂದು ಬ್ಯಾಂಡು ಕೂಗಿದರೂ ಕೆಲಸ ನಿಲ್ಲಿಸುವ ಅಧಿಕಾರ ಅವನಿಗಿಲ್ಲದಿದ್ದರೆ ಆ ಅಂಕಿಯಿಂದ ಏನು ಫಲ? ನಿಲ್ಲುವ ಹಕ್ಕಿರುವವನಿಗೆ ಮಾತ್ರ ಅಂಕಿ ಉಪಕಾರಿ.

ಕತಾರಿನ ಪಾಠ

ಇದಕ್ಕೊಂದು ನಿದರ್ಶನವಿದೆ. ಕತಾರಿನಲ್ಲಿ 2019ರ ಬೇಸಿಗೆಯಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅಲ್ಲಿನ ಸರ್ಕಾರದ ಪರವಾಗಿ ಗ್ರೀಸ್ ದೇಶದ ಥೆಸಲಿ ವಿಶ್ವವಿದ್ಯಾಲಯದ ಸಂಶೋಧಕರು, ಬಯಲಿನಲ್ಲಿ ದುಡಿಯುವ ಕಾರ್ಮಿಕರ ದೇಹದ ಉಷ್ಣತೆ ಮತ್ತು ನೀರಿನಂಶವನ್ನು ಕೆಲಸದ ಸ್ಥಳದಲ್ಲೇ ಅಳೆದರು. ಅದೇ ವರ್ಷ ಪ್ರಕಟವಾದ ಬೇರೊಂದು ಅಧ್ಯಯನವು, ಕತಾರಿನಲ್ಲಿದ್ದ ನೇಪಾಳಿ ಕಾರ್ಮಿಕರ ಹೃದಯ ಸಂಬಂಧಿ ಮರಣಗಳಿಗೂ ಬಿಸಿಲಿಗೂ ನಂಟಿರುವುದನ್ನು ತೋರಿಸಿತು. 2021ರಲ್ಲಿ ಕಾನೂನು ಬದಲಾಯಿತು. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ಬಯಲಿನ ಕೆಲಸಕ್ಕೆ ನಿಷೇಧ. ‘ಡಬ್ಲ್ಯುಬಿಜಿಟಿ’ ಎಂಬ ಸೂಚ್ಯಂಕ 32.1 ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ಬಂದ್. ಅಪಾಯವೆನಿಸಿದರೆ ತಾನೇ ಕೆಲಸ ನಿಲ್ಲಿಸುವ ಹಕ್ಕು ಕಾರ್ಮಿಕನಿಗೆ.

ಈ ಸೂಚ್ಯಂಕದ ಲೆಕ್ಕ ವಿದ್ಯಾರ್ಥಿಗಳು ತಿಳಿಯತಕ್ಕದ್ದು. ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕದ ಅಂಕಿಯಲ್ಲಿ ಹತ್ತರಲ್ಲಿ ಏಳು ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಮಾಪಕದ ಅಂಕಿಯಲ್ಲಿ ಎರಡು ಪಾಲು, ಸಾಧಾರಣ ಮಾಪಕದ ಅಂಕಿಯಲ್ಲಿ ಒಂದು ಪಾಲು ಕೂಡಿಸಬೇಕು. ಒದ್ದೆ ಬಟ್ಟೆಗೆ ಹೆಚ್ಚು ಪಾಲು ಏಕೆ? ಅದು ಬೆವರಿದ ನಮ್ಮ ಮೈಯ ಪ್ರತಿನಿಧಿ. ವರ್ತಮಾನ ಪತ್ರಿಕೆಯಲ್ಲಿ ಬರುವ ಉಷ್ಣತೆಯೊಂದನ್ನೇ ನೋಡಿ ಬಿಸಿಲಿನ ಅಪಾಯವನ್ನು ಅಳೆಯಲಾಗದೆಂಬುದು ಇದರಿಂದ ಸ್ಪಷ್ಟ.

ಯಂತ್ರ ಹೇಳಲಾರದ್ದು

ಯಂತ್ರಕ್ಕೂ ಮಿತಿಗಳಿವೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಬ್ಯಾಂಡುಗಳನ್ನು ಪರೀಕ್ಷಿಸಿದಾಗ ಆರರಲ್ಲಿ ನಾಡಿಯ ತಪ್ಪು ಶೇಕಡಾ 5ಕ್ಕಿಂತ ಕಡಿಮೆಯಿತ್ತು. ಆದರೆ ಖರ್ಚಾದ ಕ್ಯಾಲರಿಯ ಲೆಕ್ಕದಲ್ಲಿ ಅತ್ಯುತ್ತಮವಾದುದೂ ಶೇಕಡಾ 27ರಷ್ಟು ತಪ್ಪಿತ್ತು. ಆದುದರಿಂದ ನಾಡಿಯನ್ನು ಬಹುಮಟ್ಟಿಗೆ ನಂಬಬಹುದು, ಕ್ಯಾಲರಿಯನ್ನು ನಂಬಿ ಊಟದ ಲೆಕ್ಕ ಹಾಕಬಾರದು. ಬ್ಯಾಂಡು ಸಡಿಲವಾಗಿದ್ದರೆ, ಚರ್ಮಕ್ಕೂ ಅದಕ್ಕೂ ನಡುವೆ ಬೆವರು, ಮರಳು ಸೇರಿದರೆ, ಮಣಿಕಟ್ಟಿನ ಮೇಲೆ ಹಚ್ಚೆಯಿದ್ದರೆ ಎಣಿಕೆ ಕೆಡುತ್ತದೆ. ಕೆಲವು ಗಡಿಯಾರಗಳನ್ನು 35 ಡಿಗ್ರಿಯವರೆಗಿನ ಹವೆಯಲ್ಲಿ ಬಳಸಬೇಕೆಂದು ತಯಾರಕರೇ ಸೂಚಿಸಿದ್ದಾರೆ. ನಮ್ಮ ಮೇ ತಿಂಗಳು ಆ ಗೆರೆಯನ್ನು ಬೆಳಿಗ್ಗೆಯೇ ದಾಟುತ್ತದೆ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ತೋರಿಸುತ್ತದೆಂದು ಮಾರುವ ಗಡಿಯಾರಗಳನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ಮಧುಮೇಹಿಗಳು ಇದನ್ನು ಮರೆಯಬಾರದು. ರಕ್ತದೊತ್ತಡಕ್ಕೆಂದು ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಬಿಸಿಲಿನಲ್ಲೂ ಹೆಚ್ಚು ಏರದು. ಅಂಥವರು ಅಂಕಿ ಕಡಿಮೆಯಿದೆಯೆಂದು ಧೈರ್ಯ ತಾಳಬಾರದು. ಬಾಯಾರಿಕೆ, ತಲೆಸುತ್ತು, ಮೂತ್ರದ ಹಳದಿ ಬಣ್ಣ ಇವನ್ನು ಯಾವ ಬ್ಯಾಂಡೂ ಹೇಳದು. ದೇಹವೇ ಹೇಳುತ್ತದೆ, ನಾವು ಕೇಳಬೇಕು.

ನಮ್ಮ ಸೀಮೆಗೆ ಅನ್ವಯ

ನಮ್ಮದು ಮರುಭೂಮಿಯಲ್ಲ. ಆದರೆ 2015ರ ಮೇ ತಿಂಗಳ ಬಿಸಿಗಾಳಿಗೆ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾದರೆಂದು ವರದಿಯಾಯಿತು. ತೆಲಂಗಾಣ ಸರ್ಕಾರ 2025ರ ಏಪ್ರಿಲ್‌ನಲ್ಲಿ ಬಿಸಿಲಾಘಾತವನ್ನು ರಾಜ್ಯದ ವಿಶೇಷ ವಿಪತ್ತೆಂದು ಘೋಷಿಸಿ, ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರವನ್ನು ನಿಗದಿಪಡಿಸಿತು. ಪರಿಹಾರ ಬೇಡುವ ಸ್ಥಿತಿ ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.

ನಸುಕಿನಲ್ಲಿ ಹೊಲಕ್ಕೆ ಹೋಗಿ, ಹೊತ್ತೇರುವ ಮೊದಲೇ ಬೇವಿನ ನೆರಳು ಸೇರಿ, ಅಂಬಲಿ ಮಜ್ಜಿಗೆ ಕುಡಿದು, ಇಳಿಹೊತ್ತಿಗೆ ಮತ್ತೆ ಕೆಲಸಕ್ಕೆ ಇಳಿಯುತ್ತಿದ್ದ ನಮ್ಮ ಹಿರಿಯರು ಕತಾರಿನ ಕಾನೂನನ್ನು ಬರೆಯದೆಯೇ ಪಾಲಿಸಿದವರು. ಗಂಟೆಯ ಲೆಕ್ಕದ ಕೂಲಿ ಬಂದಂತೆ ಆ ಪದ್ಧತಿ ಸಡಿಲಿದೆ. ಇಂದು ಅನುಸರಿಸಬಹುದಾದ ಕೆಲವು ಸೂತ್ರಗಳಿವು:

1. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿಯನ್ನು ನೋಡಿ ಬರೆದಿಡಿ. ಪ್ರತಿದಿನದ ಅಂಕಿಗಿಂತ ಹತ್ತು ಹೆಚ್ಚಿದ್ದರೆ ಜ್ವರ, ನಿದ್ದೆಗೇಡು ಅಥವಾ ನೀರಿನ ಕೊರತೆಯಿರಬಹುದು. ಅಂದು ಬಿಸಿಲಿಗೆ ಹೋಗಬೇಡಿ.

2. ಹೊಸದಾಗಿ ಬಿಸಿಲಿನ ಕೆಲಸಕ್ಕೆ ಸೇರಿದವರಿಗೆ, ರಜೆ ಮುಗಿಸಿ ಹಿಂದಿರುಗಿದವರಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಬಿಸಿಲಿನ ಸಾವುಗಳು ಹೆಚ್ಚಾಗಿ ಕೆಲಸದ ಮೊದಲ ಕೆಲವು ದಿನಗಳಲ್ಲೇ ಸಂಭವಿಸುತ್ತವೆ. ಮೇಸ್ತ್ರಿಗಳು ಇದನ್ನು ಗಮನಿಸಲಿ.

3. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಜೀವಜಲ ಸಿದ್ಧ. ಚಮಚ ಚಹದ್ದಾಗಿರಲಿ.

4. ಯಾರಾದರೂ ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ ಬ್ಯಾಂಡು ನೋಡುತ್ತ ಕೂರಬೇಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

5. ಬ್ಯಾಂಡಿಲ್ಲದವರು ಚಿಂತಿಸಬೇಕಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ ಮೂರು ಬೆರಳಿಟ್ಟು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ನಾಡಿ ಸಿಗುತ್ತದೆ. ವಿಶ್ರಾಂತಿಯಲ್ಲಿ 60ರಿಂದ 100ರವರೆಗೆ ಇರುವುದು ಸಹಜ.

ವಿದ್ಯಾರ್ಥಿಗಳಿಗೆ ಅಭ್ಯಾಸ

ನಮ್ಮ ಶಾಲೆಯ ಈಗಿನ ಮಕ್ಕಳು ಒಂದು ವಾರ ತಮ್ಮ ಮನೆಯ ಹಿರಿಯರೊಬ್ಬರ ನಾಡಿಯನ್ನು ಬೆಳಿಗ್ಗೆ ಒಮ್ಮೆ, ಕೆಲಸದಿಂದ ಬಂದೊಡನೆ ಒಮ್ಮೆ, ಹತ್ತು ನಿಮಿಷ ಕುಳಿತ ಮೇಲೆ ಒಮ್ಮೆ ಬೆರಳಿನಿಂದ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾವ ದಿನ ಅಂಕಿ ಇಳಿಯಲು ತಡವಾಯಿತು, ಅಂದು ಬಿಸಿಲು ಹೇಗಿತ್ತು, ಎಷ್ಟು ನೀರು ಕುಡಿದಿದ್ದರು ಎಂದು ವಿಚಾರಿಸಲಿ. ವಿಜ್ಞಾನ, ಗಣಿತಗಳೆರಡೂ ಇದರಿಂದ ಕಲಿತಂತಾಗುವುದು. ಮನೆಯಲ್ಲಿ ದುಡಿಯುವವರ ಬವಣೆಯೂ ಅರ್ಥವಾಗುವುದು.

ದೂರದ ಮರುಭೂಮಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಮಣಿಕಟ್ಟಿನ ಅಂಕಿಯನ್ನು ನೋಡಿ ನೀವು ನೆರಳಿಗೆ ಸರಿದರೆ ಸಾಲದು. ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೆ ಅವರನ್ನೂ ನೆರಳಿಗೆ ಕರೆಯಿರಿ. ಅಳೆಯುವುದು ಯಂತ್ರದ ಕೆಲಸ, ನಿಲ್ಲಿಸುವುದು ಮನುಷ್ಯನ ಕೆಲಸ. ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಶಾಲೆಯ ಎಲ್ಲ ಮಕ್ಕಳಿಗೂ ಅವರ ಕುಟುಂಬಗಳಿಗೂ ಆಯುರಾರೋಗ್ಯಗಳನ್ನು ಹಾರೈಸುತ್ತೇನೆ.