ಆರೋಗ್ಯ ಮಾಲಿಕೆ: ಹುಟ್ಟಿದ ಮಗು ಗಂಡೋ ಹೆಣ್ಣೋ ತಿಳಿಯದಿದ್ದರೆ...



ಹೃದಯದ ಡಾಕ್ಟರು ಈ ವಿಷಯ ಯಾಕೆ ಬರೆಯುತ್ತಾರೆ ಎಂದು ಕೇಳಬಹುದು. ಇಂಥ ಮಕ್ಕಳಲ್ಲಿ ಕೆಲವರ ಹೃದಯವನ್ನೂ ಪರೀಕ್ಷಿಸಬೇಕಾಗುತ್ತದೆ. ಅಲ್ಲದೆ ನಮ್ಮ ಮನೆಗಳಲ್ಲಿ ಈ ಮಾತನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಮಗುವಿನ ಜೀವಕ್ಕೇ ಅಪಾಯ ಬರಬಹುದು.

*ಗರ್ಭದಲ್ಲಿ ಏನಾಗುತ್ತದೆ?*

ಮೊದಲ ಆರು ವಾರ ಎಲ್ಲ ಭ್ರೂಣಗಳಲ್ಲೂ ಒಂದೇ ಬಗೆಯ ಗ್ರಂಥಿ ಇರುತ್ತದೆ. ಅದು ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ವೈ ವರ್ಣತಂತುವಿನಲ್ಲಿ ಎಸ್.ಆರ್.ವೈ. ಎಂಬ ವಂಶವಾಹಿ ಇದೆ. ಇದನ್ನು 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಪತ್ತೆ ಹಚ್ಚಿದರು. ಇದು ಸಾಕ್ಸ್-9 ಎಂಬ ಇನ್ನೊಂದು ವಂಶವಾಹಿಯನ್ನು ಚಾಲೂ ಮಾಡಿದರೆ ಗ್ರಂಥಿ ವೃಷಣವಾಗುತ್ತದೆ. ಚಾಲೂ ಆಗದಿದ್ದರೆ ಬೇರೆ ವಂಶವಾಹಿಗಳು ಅಂಡಾಶಯ ಕಟ್ಟುತ್ತವೆ.

ಫ್ಯಾನ್ ಸರಿಯಿದ್ದರೂ ರೆಗ್ಯುಲೇಟರ್ ಕೆಟ್ಟರೆ ತಿರುಗುವುದಿಲ್ಲ ಅಲ್ಲವೇ? ಇಲ್ಲಿಯೂ ಹಾಗೆಯೇ. 2018ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ ಸಾಕ್ಸ್-9 ಅನ್ನು ಮುಟ್ಟಲೇ ಇಲ್ಲ. ಅದರಿಂದ ಐದು ಲಕ್ಷಕ್ಕೂ ಹೆಚ್ಚು ಡಿ.ಎನ್.ಎ. ಅಕ್ಷರಗಳಷ್ಟು ದೂರವಿರುವ ಒಂದು ಚಿಕ್ಕ ತುಂಡನ್ನು ಮಾತ್ರ ತೆಗೆದರು. ಎಕ್ಸ್-ವೈ ಇದ್ದ ಇಲಿಗಳಲ್ಲೂ ಅಂಡಾಶಯ ಬೆಳೆಯಿತು! ಆ ತುಂಡೇ ರೆಗ್ಯುಲೇಟರ್.

ಆದ್ದರಿಂದ ತಾಯಿ ಏನು ತಿಂದಳು, ಗ್ರಹಣದಲ್ಲಿ ಹೊರಗೆ ಹೋದಳೇ ಎಂದು ದಯವಿಟ್ಟು ಕೇಳಬೇಡಿ. ಇದು ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ.

*ಹೃದಯಕ್ಕೆ ಏನು ಸಂಬಂಧ?*

❤️ ಗಾಟಾ-4 ಎಂಬ ವಂಶವಾಹಿ ಬೇರೆ ವಂಶವಾಹಿಗಳನ್ನು ನಿಯಂತ್ರಿಸುತ್ತದೆ. ಹೃದಯ ಕಟ್ಟುವಾಗಲೂ ವೃಷಣ ಕಟ್ಟುವಾಗಲೂ ಅದು ಬೇಕು. ಅದರಲ್ಲಿ ದೋಷವಿದ್ದರೆ ಹೃದಯದಲ್ಲಿ ರಂಧ್ರ, ಜನನಾಂಗದ ವ್ಯತ್ಯಾಸ ಎರಡೂ ಬರಬಹುದು.

❤️ ಟರ್ನರ್ ಸಿಂಡ್ರೋಮ್ ಸುಮಾರು 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿ ಅಥವಾ ಭಾಗಶಃ ಇರುವುದಿಲ್ಲ. ಹುಡುಗಿ ಗಿಡ್ಡ, ಮುಟ್ಟಾಗುವುದು ತಡ. ಇವರಲ್ಲಿ ಶೇ. 15ರಿಂದ 30ರಷ್ಟು ಮಂದಿಗೆ ಮಹಾಪಧಮನಿಯ ಕವಾಟದಲ್ಲಿ ಮೂರು ಎಸಳಿನ ಬದಲು ಎರಡೇ ಇರುತ್ತವೆ. "ನಮ್ಮ ಮನೆಯವರೆಲ್ಲ ಗಿಡ್ಡವೇ" ಎಂದು ಸುಮ್ಮನಿರಬೇಡಿ. ಟರ್ನರ್ ಎಂದು ತಿಳಿದ ಕೂಡಲೇ ಎಕೋ ಮಾಡಿಸಿ.

*ಅತಿ ತುರ್ತು ಯಾವುದು?*

⚠️ ಸಿ.ಎ.ಎಚ್. ಎಂಬ ಅಡ್ರಿನಲ್ ಗ್ರಂಥಿಯ ತೊಂದರೆ. ಹೆಣ್ಣು ಮಗುವಿನ ಜನನಾಂಗ ಗಂಡಿನಂತೆ ಕಾಣಬಹುದು. ಗಂಡು ಮಗುವಾದರೆ ಹೊರಗೆ ಏನೂ ಕಾಣದಿರಬಹುದು. ಹುಟ್ಟಿದ ಒಂದರಿಂದ ಮೂರು ವಾರದೊಳಗೆ ವಾಂತಿ, ಹಾಲು ಕುಡಿಯದಿರುವುದು, ತೂಕ ಇಳಿಯುವುದು ಶುರುವಾಗುತ್ತದೆ. ಮೈಯ ಉಪ್ಪಿನಂಶ ಕಡಿಮೆಯಾಗಿ, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ರಕ್ತಪರೀಕ್ಷೆಯಿಂದ ಪತ್ತೆಯಾಗುತ್ತದೆ. ಹೈಡ್ರೊಕಾರ್ಟಿಸೋನ್ ಮುಂತಾದ ಔಷಧಗಳಿಂದ ಮಗು ಚೆನ್ನಾಗಿ ಬೆಳೆಯುತ್ತದೆ. ಆದರೆ ಔಷಧಿಯನ್ನು ಒಂದು ದಿನವೂ ತಪ್ಪಿಸಬಾರದು.

ತಂದೆ-ತಾಯಿ ಇಬ್ಬರಲ್ಲೂ ಈ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವ, ಅತ್ತೆಮಗನ ಜೊತೆಗಿನ ಮದುವೆಗಳಲ್ಲಿ ಈ ಸಾಧ್ಯತೆ ಹೆಚ್ಚು.

*ಏನು ಮಾಡಬೇಕು?*

✅ ಅದೇ ದಿನ ಮಕ್ಕಳ ಹಾರ್ಮೋನ್ ತಜ್ಞರಿಗೆ ತೋರಿಸಿ. ಪರೇಲಿನ ಕೆ.ಇ.ಎಂ., ವಾಡಿಯಾ ಆಸ್ಪತ್ರೆಗಳು ನಮಗೆ ಲೋಕಲ್ ದೂರದಲ್ಲೇ ಇವೆ. ಹೆರಿಗೆ ಊರಲ್ಲಾದರೆ ಮಣಿಪಾಲವಿದೆ.
✅ ವರ್ಣತಂತು ಪರೀಕ್ಷೆ ಬರುವವರೆಗೆ ಗಂಡು, ಹೆಣ್ಣು ಎಂದು ತೀರ್ಮಾನಿಸಬೇಡಿ. ನಾಮಕರಣ ತಡವಾದರೆ ನಷ್ಟವಿಲ್ಲ.
✅ ಆಪರೇಷನ್‌ಗೆ ಅವಸರ ಬೇಡ. 2019ರಲ್ಲಿ ಮದ್ರಾಸ್ ಹೈಕೋರ್ಟಿನ ತೀರ್ಪಿನ ನಂತರ ತಮಿಳುನಾಡು ಸರಕಾರ, ಜೀವಕ್ಕೆ ಅಪಾಯವಿದ್ದಾಗ ಬಿಟ್ಟು, ಶಿಶುಗಳ ಮೇಲೆ ಇಂಥ ಆಪರೇಷನ್ನುಗಳನ್ನು ನಿಷೇಧಿಸಿದೆ.
✅ ನೆರೆಹೊರೆಗೆ ಹೇಳಲೇಬೇಕೆಂದಿಲ್ಲ. ಡಾಕ್ಟರಿಗೆ ಮಾತ್ರ ಏನನ್ನೂ ಮುಚ್ಚಿಡಬೇಡಿ.

ಬಸುರಿಯರಿರುವ ಮನೆಗಳಿಗೆ ಇದನ್ನು ಕಳಿಸಿ. ಒಂದು ಮಗು ಉಳಿದರೂ ಬರೆದದ್ದು ಸಾರ್ಥಕ.

– ನಿಮ್ಮ ಹೃದ್ರೋಗ ತಜ್ಞ, ಎಂ.ಡಿ., ಸಾಂತಾಕ್ರೂಜ್, ಮುಂಬಯಿ