ವಕ್ರದಂತ ಚಿಕಿತ್ಸೆ: ಎಳೆಯರಿಗೂ ಹಿರಿಯರಿಗೂ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯು ಹಲ್ಲುಗಳ ವಿಷಯದಲ್ಲಿ ಅರ್ಧಸತ್ಯವಷ್ಟೆ. ತಂತಿಯ ಹದವಾದ ಒತ್ತಡ ಬಿದ್ದ ಕಡೆ ದವಡೆಯ ಮೂಳೆ ಕರಗಿ, ಎದುರು ಬದಿಯಲ್ಲಿ ಹೊಸ ಮೂಳೆ ಕೂಡುತ್ತದೆ. ಹಲ್ಲು ಮೆಲ್ಲನೆ ಸರಿಯುತ್ತದೆ. ಒಸಡು ಗಟ್ಟಿಯಾಗಿದ್ದರೆ ನಲವತ್ತು ದಾಟಿದವರಲ್ಲಿಯೂ ಈ ಕ್ರಿಯೆ ಸಾಧ್ಯ. ಆದರೆ ದವಡೆಯ ಬೆಳವಣಿಗೆಯನ್ನೇ ತಿದ್ದುವ ಅವಕಾಶವು ಎಳವೆಯಲ್ಲಿ ಮಾತ್ರ ಉಂಟು.

ಆದುದರಿಂದ 7ನೆಯ ವಯಸ್ಸಿನೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಲೇಸು. ‘ಹೇಗೂ ಬೀಳುವ ಹಾಲುಹಲ್ಲು’ ಎಂಬ ಉದಾಸೀನ ಸಲ್ಲದು. ಹುಳುಕಿನಿಂದ ಹಾಲಿನ ದವಡೆಹಲ್ಲು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲು ವಾಲಿ, ಶಾಶ್ವತ ದಂತಕ್ಕೆ ಎಡೆಯೇ ಇಲ್ಲದಂತಾಗುತ್ತದೆ. ಬಿಡದ ಬೆರಳು ಚೀಪುವಿಕೆ, ಬಾಯಿಯಿಂದ ಉಸಿರಾಡುವಿಕೆಗಳನ್ನು ಉಪಾಧ್ಯಾಯರೂ ಗಮನಿಸಿ ಪೋಷಕರಿಗೆ ತಿಳಿಸಬಹುದು.

ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷ ಬೇಕು. ಆ ಅವಧಿಯಲ್ಲಿ ತಿಪಟೂರು ಸೀಮೆಯ ಮಕ್ಕಳು ಗಟ್ಟಿ ಕೊಬ್ಬರಿಯನ್ನು ಕಚ್ಚದೆ ತುರಿದು ತಿನ್ನಬೇಕು. ಇಲ್ಲವಾದರೆ ಅಂಟಿಸಿದ ಬಿಲ್ಲೆಗಳು ಕಿತ್ತುಬರುತ್ತವೆ. ತಂತಿ ತೆಗೆದ ಮೇಲೂ ಹಲ್ಲು ಹಿಂದಿನ ಜಾಗಕ್ಕೆ ಮರಳದಂತೆ ತಡೆಪಟ್ಟಿ ಧರಿಸುವುದು ಅವಶ್ಯ.

ತುಮಕೂರಿನ ಶ್ರೀ ಸಿದ್ಧಾರ್ಥ ದಂತ ವೈದ್ಯಕೀಯ ಕಾಲೇಜು, 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಈ ಚಿಕಿತ್ಸೆ ಲಭ್ಯವಿದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಗುವಿಗೆ ಬೇಕಾದುದು ಅನುಕಂಪವಲ್ಲ, ಸಕಾಲದ ತಪಾಸಣೆ.