ಖರೀದಿಯ ಯೋಜನೆ ಮತ್ತು ಕಡತದ ಮುಕ್ತಾಯ: ಒಂದು ಪಂಪ್‌ಸೆಟ್ಟಿನ ಪಾಠ

ಗ್ರಾಮ ಪಂಚಾಯಿತಿಗಳಲ್ಲಿ ಖರೀದಿ ಎಂದೊಡನೆ ನಮ್ಮ ಗಮನ ಟೆಂಡರಿನ ಕಡೆಗೆ ಹರಿಯುತ್ತದೆ. ಆದರೆ ಟೆಂಡರಿಗೆ ಮೊದಲು ಮಾಡಬೇಕಾದ ಲೆಕ್ಕಾಚಾರ ಮತ್ತು ಅಂತಿಮ ಬಿಲ್ಲಿನ ಹಂತದಲ್ಲಿ ಮಾಡಬೇಕಾದ ಮುಕ್ತಾಯ, ಇವೆರಡೂ ಅಷ್ಟೇ ಮುಖ್ಯ. ಕುಡಿಯುವ ನೀರಿನ ಕೊಳವೆಬಾವಿಗೆ ಪಂಪ್‌ಸೆಟ್ಟು ಖರೀದಿಸುವ ಉದಾಹರಣೆಯ ಮೂಲಕ ಇವನ್ನು ಇಲ್ಲಿ ವಿವರಿಸಲಾಗಿದೆ.

ನಾನು ಸೇವೆಗೆ ಸೇರಿದ ಎರಡನೆಯ ವರ್ಷ, ಏಪ್ರಿಲ್ ತಿಂಗಳಿನಲ್ಲಿ ಒಂದು ಗ್ರಾಮದ ಮೋಟಾರು ಸುಟ್ಟುಹೋಯಿತು. ಅಳವಡಿಸಿ ಹನ್ನೊಂದು ತಿಂಗಳಾಗಿತ್ತಷ್ಟೆ. ಒಂದು ವರ್ಷದ ವಾರಂಟಿ ಇತ್ತು. ಕಡತದಲ್ಲಿ ಬಿಲ್ಲು ಮತ್ತು ಅಳತೆ ಪುಸ್ತಕದ ಪ್ರತಿ ಇದ್ದವು, ವಾರಂಟಿ ಪತ್ರವಿರಲಿಲ್ಲ. ಮೋಟಾರಿನ ಕ್ರಮಸಂಖ್ಯೆಯನ್ನು ಎಲ್ಲಿಯೂ ದಾಖಲಿಸಿರಲಿಲ್ಲ. ಭದ್ರತಾ ಠೇವಣಿಯನ್ನು ಅಂತಿಮ ಬಿಲ್ಲಿನೊಡನೆಯೇ ಹಿಂದಿರುಗಿಸಲಾಗಿತ್ತು. ಗ್ರಾಮಸ್ಥರು ಆರು ದಿನ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತರು. ದುರಸ್ತಿಯ ವೆಚ್ಚವನ್ನು ಪಂಚಾಯಿತಿಯ ಸ್ವಂತ ನಿಧಿಯಿಂದ ಭರಿಸಬೇಕಾಯಿತು. ಆ ಕಡತವನ್ನು ಮುಗಿಸಿ ಸಹಿ ಮಾಡಿದವನು ನಾನೇ.

1. ಅವಶ್ಯಕತೆಯ ಲೆಕ್ಕ

‘ಹಿಂದೆ ಇದ್ದ ಅಶ್ವಶಕ್ತಿಯದೇ ಇರಲಿ’ ಎಂಬುದು ಲೆಕ್ಕವಲ್ಲ. 1,100 ಜನರಿರುವ ಗ್ರಾಮಕ್ಕೆ ಜಲ ಜೀವನ್ ಮಿಷನ್ ಮಾನದಂಡದಂತೆ ತಲಾ 55 ಲೀಟರಿನ ಪ್ರಕಾರ ದಿನಕ್ಕೆ 60,500 ಲೀಟರ್ ಬೇಕು. ಸೆಕೆಂಡಿಗೆ 2.5 ಲೀಟರ್, ಅಂದರೆ ಗಂಟೆಗೆ 9,000 ಲೀಟರ್ ಎತ್ತುವ ಪಂಪು ಸುಮಾರು ಆರು ಮುಕ್ಕಾಲು ಗಂಟೆ ಓಡಬೇಕಾಗುತ್ತದೆ. ಪಂಪು ಓಡುವಾಗಿನ ನೀರಿನ ಆಳ, ಟ್ಯಾಂಕಿನ ಎತ್ತರ ಹಾಗೂ ಪೈಪಿನ ಘರ್ಷಣೆ ನಷ್ಟ ಸೇರಿ ಒಟ್ಟು ಎತ್ತರ 100 ಮೀಟರ್ ಇದ್ದರೆ, 2.5ನ್ನು 100ರಿಂದ ಗುಣಿಸಿ 75ರಿಂದ ಭಾಗಿಸಿದಾಗ 3.33 ಅಶ್ವಶಕ್ತಿ ಬರುತ್ತದೆ. ದಕ್ಷತೆ ಶೇ. 50 ಎಂದಿಟ್ಟುಕೊಂಡರೆ 6.67 ಬೇಕು, ಆದ್ದರಿಂದ 7.5 ಅಶ್ವಶಕ್ತಿಯ ಪಂಪು ಸೂಕ್ತ. ಆದರೆ ಕೊಳವೆಬಾವಿಯ ಇಳುವರಿ ಇದಕ್ಕಿಂತ ಕಡಿಮೆಯಿದ್ದರೆ ಪಂಪು ನೀರಿಲ್ಲದೆ ಓಡಿ ಕೆಡುತ್ತದೆ. ಹೀಗಾಗಿ ಇಳುವರಿ ಪರೀಕ್ಷೆಯೇ ಮೊದಲ ಹೆಜ್ಜೆ.

2. ಕಾಲದ ಲೆಕ್ಕ

ಮಾರ್ಚ್ ಆರಂಭಕ್ಕೆ ಪಂಪು ಸಿದ್ಧವಿರಬೇಕೆಂದರೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು: ಅಳವಡಿಕೆ, ಸರಬರಾಜು, ಕಾರ್ಯಾದೇಶ, ದರಗಳ ಪರಿಶೀಲನೆ, ಟೆಂಡರ್ ಪ್ರಕಟಣೆಯ ಅವಧಿ, ಅಂದಾಜು ಪಟ್ಟಿ, ಕ್ರಿಯಾ ಯೋಜನೆಯ ಅನುಮೋದನೆ. ಅಕ್ಟೋಬರಿನಲ್ಲಿಯೇ ನೀರುಗಂಟಿಗಳಿಂದ ಬೇಡಿಕೆ ಪಟ್ಟಿ ಪಡೆದರೆ ಎಲ್ಲ ಗ್ರಾಮಗಳ ಅವಶ್ಯಕತೆಯನ್ನು ಒಟ್ಟಿಗೆ ಖರೀದಿಸಬಹುದು. ತಡವಾದಾಗ ‘ತುರ್ತು’ ಎಂಬ ಷರಾದೊಡನೆ ಖರೀದಿಯನ್ನು ತುಂಡು ತುಂಡಾಗಿ ವಿಭಜಿಸುವ ಪ್ರಲೋಭನೆ ಹುಟ್ಟುತ್ತದೆ. ಇದು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಆಶಯಕ್ಕೆ ವಿರುದ್ಧವಾದುದು. ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಗೂ ಗುರಿಯಾಗುತ್ತದೆ.

3. ಷರತ್ತುಗಳು

ಟೆಂಡರಿನಲ್ಲಿ ಕಂಪನಿಯ ಹೆಸರನ್ನಲ್ಲ, ನೀರಿನ ಪ್ರಮಾಣ ಮತ್ತು ಎತ್ತರವನ್ನು ನಮೂದಿಸಬೇಕು. ವಾರಂಟಿಯ ಅವಧಿ, ಕೆಟ್ಟರೆ ಎಷ್ಟು ದಿನಗಳೊಳಗೆ ಸರಿಪಡಿಸಬೇಕು, ಠೇವಣಿಯನ್ನು ಯಾವಾಗ ಬಿಡುಗಡೆ ಮಾಡಲಾಗುವುದು ಎಂಬುದು ಅಲ್ಲಿಯೇ ಸ್ಪಷ್ಟವಾಗಿರಬೇಕು. ಮುಕ್ತಾಯದ ಹಂತದಲ್ಲಿ ಕೇಳಬೇಕಾದುದನ್ನು ಆರಂಭದಲ್ಲಿಯೇ ಬರೆದಿರದಿದ್ದರೆ ಕೇಳುವ ಹಕ್ಕು ನಮಗಿರುವುದಿಲ್ಲ.

4. ಮುಕ್ತಾಯ

ಹಣ ಪಾವತಿಯಾದ ಮಾತ್ರಕ್ಕೆ ಕಾಮಗಾರಿ ಮುಗಿಯಿತೆಂದಲ್ಲ. ಕಡತವನ್ನು ಮುಚ್ಚುವ ಮೊದಲು ಈ ಕೆಳಗಿನವು ಪೂರ್ಣಗೊಂಡಿರಬೇಕು:

• ಪಂಪು ಓಡಿಸಿ, ಪಾತ್ರೆ ಮತ್ತು ಗಡಿಯಾರದಿಂದ ನೀರಿನ ಪ್ರಮಾಣವನ್ನು ಅಳೆದ ವರದಿ.
• ಅಳತೆ ಪುಸ್ತಕದ ನಮೂದು, ಪೂರ್ಣಗೊಂಡ ಪ್ರಮಾಣ ಪತ್ರ ಹಾಗೂ ಸ್ಥಳದ ಛಾಯಾಚಿತ್ರ.
• ಮೋಟಾರಿನ ಕ್ರಮಸಂಖ್ಯೆ, ವಾರಂಟಿ ಪತ್ರ; ವಾರಂಟಿ ಮುಗಿಯುವ ದಿನಾಂಕವನ್ನು ಕಡತದ ಮೇಲುಹೊದಿಕೆಯ ಮೇಲೆಯೂ ಬರೆಯುವುದು.
• ದಾಸ್ತಾನು ವಹಿ ಹಾಗೂ ಸ್ವತ್ತು ವಹಿಗಳಲ್ಲಿ ದಾಖಲೆ. ತೆಗೆದ ಹಳೆಯ ಮೋಟಾರು, ಕೇಬಲ್, ಪೈಪುಗಳ ಜಮೆ.
• ಉಳಿಕೆ ಅನುದಾನದ ಲೆಕ್ಕ ಮತ್ತು ಸಭೆಯ ಮುಂದೆ ಮಂಡನೆ.
• ಠೇವಣಿ ವಹಿಯಲ್ಲಿ ನಮೂದು. ದೋಷ ಹೊಣೆಗಾರಿಕೆ ಅವಧಿ ಮುಗಿದು, ಸ್ಥಳ ಪರಿಶೀಲನೆಯಾದ ನಂತರವೇ ಮರುಪಾವತಿ.

ಅಧಿಕಾರಿಗಳು ವರ್ಗಾವಣೆಯಾಗುತ್ತಾರೆ, ಕಡತ ಉಳಿಯುತ್ತದೆ. ನಮ್ಮ ನಂತರ ಬರುವವರು ನಮಗೆ ದೂರವಾಣಿ ಮಾಡದೆಯೇ ವಾರಂಟಿಯನ್ನು ಕೇಳಿ ಪಡೆಯುವಂತಿದ್ದರೆ ಅದು ಸರಿಯಾಗಿ ಮುಗಿದ ಕಡತ.

ಅಭ್ಯಾಸ: ತಮ್ಮ ಪಂಚಾಯಿತಿಯಲ್ಲಿ ಕಳೆದ ವರ್ಷ ಮುಗಿದ ಮೂರು ಖರೀದಿ ಕಡತಗಳನ್ನು ತೆರೆದು, ಮೇಲಿನ ಆರು ಅಂಶಗಳೊಡನೆ ತಾಳೆ ನೋಡಿರಿ. ವಾರಂಟಿ ಇನ್ನೂ ಉಳಿದಿರುವ ವಸ್ತುಗಳ ಪಟ್ಟಿಯನ್ನು ಬೇಸಿಗೆಗೆ ಮುನ್ನ ಸಿದ್ಧಪಡಿಸಿರಿ.